ತುರ್ತು ಪರಿಹಾರ

ಪೆಟ್ಟಿಗೆಯ ಮೇಲೆ ಅಂಟಿಸಿದ್ದ ಚೀಟಿಯಲ್ಲಿ ಬೇರೆ ಹೆಸರಿತ್ತು.

ಸುಟ್ಟುಹೋದ ಮೋಟಾರೊಂದನ್ನು ರಿಪೇರಿಗೆ ಕಳಿಸಲೆಂದು ನಿಯಾಜ್ ಭದ್ರಾವತಿಯ ಲಾರಿ ಆಫೀಸಿಗೆ ಬಂದಿದ್ದ. ತೂಕದ ಯಂತ್ರದ ಪಕ್ಕದಲ್ಲಿದ್ದ ಮರದ ಪೆಟ್ಟಿಗೆಯನ್ನು ಮೊದಲು ಸುಮ್ಮನೆ ನೋಡಿದ. ಹಲಗೆಗಳ ಸಂದಿಯಲ್ಲಿ ಗ್ರೀಸು ಸವರಿದ ಗೇರು ಕಾಣುತ್ತಿತ್ತು. ಹಿಂದಿನ ವಾರ ತಾನೇ ಹಲ್ಲು ಕೊರೆದು, ತಾನೇ ಗ್ರೀಸು ಸವರಿ ಇಟ್ಟಿದ್ದ ಗೇರು, ಹರಿಹರದ ಕಡೆಯ ಅಕ್ಕಿ ಗಿರಣಿಗೆ ಹೋಗಬೇಕಾದದ್ದು. ಕಳಿಸುವವರ ಹೆಸರು 'ಎಂ.ಎನ್. ಗೇರ್ಸ್' ಎಂದಿರಬೇಕಾದ ಕಡೆ 'ಶಾಂಭವಿ ಟ್ರಾನ್ಸ್‌ಮಿಷನ್ಸ್, ಸವಳಂಗ ರಸ್ತೆ, ಶಿವಮೊಗ್ಗ' ಎಂದು ಅಚ್ಚಾಗಿತ್ತು.

ಶಾಂಭವಿ ಅಂದರೆ ಮಲ್ಲೇಶನ ಹೆಂಡತಿ. ಮಲ್ಲೇಶ ಅಂದರೆ ಎಂ.ಎನ್. ಗೇರ್ಸಿನ 'ಎಂ'. 'ಎನ್' ಅಲ್ಲಿ ತೂಕದ ಯಂತ್ರದ ಮುಂದೆ ನಿಂತಿತ್ತು.

ಗುಮಾಸ್ತ ರಸೀದಿ ಹರಿದು ಕೊಟ್ಟ. ನಿಯಾಜ್ ಏನೂ ಕೇಳದೆ ತನ್ನ ಓಮ್ನಿ ಹತ್ತಿ ಕೂತ. ಕೀಲಿ ತಿರುಗಿಸಲು ಮಾತ್ರ ಅವನಿಗೆ ತುಂಬ ಹೊತ್ತು ಬೇಕಾಯಿತು.

ಇಬ್ಬರೂ ಹರೆಯದಲ್ಲಿ ಭದ್ರಾವತಿಯ ಒಂದೇ ವರ್ಕ್‌ಶಾಪಿನಲ್ಲಿ ಕೆಲಸ ಕಲಿತವರು. ನಿಯಾಜ್‌ಗೆ ಕೈ ಕೂಡಿಬಂತು, ಮಲ್ಲೇಶನಿಗೆ ಬಾಯಿ. ಮಾಚೇನಹಳ್ಳಿಯಲ್ಲಿ ಶೆಡ್ ಹಾಕುವಾಗ ಮಲ್ಲೇಶ ಮನೆಯಿಂದ ಬಂದ ತನ್ನ ಪಾಲನ್ನು ಪೂರ್ತಿ ತಂದು ಸುರಿದ. ನಿಯಾಜ್ ಕೊಯಮತ್ತೂರಿಗೆ ಹೋಗಿ, ಬಾಗಿಲು ಹಾಕಿದ್ದ ಕಾರ್ಖಾನೆಯೊಂದರಲ್ಲಿ ಗೇರಿಗೆ ಹಲ್ಲು ಕೊರೆಯುವ ಹಾಬಿಂಗ್ ಯಂತ್ರವನ್ನು ಹುಡುಕಿ ತಂದ. ಅದನ್ನು ಬಿಚ್ಚಿ, ತೊಳೆದು, ಸವೆದದ್ದನ್ನೆಲ್ಲ ಬದಲಿಸಿ ಓಡುವಂತೆ ಮಾಡಲು ಅವನಿಗೆ ಒಂದು ಇಡೀ ಬೇಸಿಗೆ ಹಿಡಿಯಿತು. ಆಮೇಲೆ ಆ ಯಂತ್ರವೇ ಎರಡು ಮನೆಗಳನ್ನು ನಡೆಸಿತು. ಜನ್ನಾಪುರದಲ್ಲಿ ನಿಯಾಜ್ ಮಹಡಿ ಎತ್ತಿದ, ಸವಳಂಗ ರಸ್ತೆಯಲ್ಲಿ ಮಲ್ಲೇಶ ಸೈಟು ಕೊಂಡು ಮನೆ ಕಟ್ಟಿದ. ಆರ್ಡರು, ಬ್ಯಾಂಕು, ಜಿಎಸ್‌ಟಿ ಎಲ್ಲ ಮಲ್ಲೇಶನದು. ಅವನು ತೋರಿಸಿದ ಕಡೆ ನಿಯಾಜ್ ಸಹಿ ಹಾಕುತ್ತಿದ್ದ. ಓದಿ ಹಾಕಬೇಕು ಎಂದು ಅವನಿಗೆ ಅನ್ನಿಸಿದ್ದೇ ಇಲ್ಲ.

ಮಲ್ಲೇಶ ತಾನಾಗಿಯೇ ಹೇಳಲಿ ಎಂದು ನಿಯಾಜ್ ಒಂದು ವಾರ ಕಾದ. ಮಲ್ಲೇಶ ದಿನಾ ಬಂದ, ಸ್ಟೀಲಿನ ರೇಟು ಏರಿದ್ದರ ಬಗ್ಗೆ ಗೊಣಗಿದ, ನಿಯಾಜ್ ತಂದಿದ್ದ ಖೀಮಾದಲ್ಲಿ ಬಟಾಟೆಯನ್ನಷ್ಟೇ ಆರಿಸಿ ತಿಂದು ಎಂದಿನಂತೆ ತಮಾಷೆ ಮಾಡಿದ. ಪೆಟ್ಟಿಗೆಯ ಸುದ್ದಿ ಬರಲಿಲ್ಲ. ಶನಿವಾರ ಬೆಳಿಗ್ಗೆ ನಿಯಾಜ್ ಯಂತ್ರ ನಿಲ್ಲಿಸಿ, ಕೈ ಒರೆಸಿಕೊಳ್ಳುತ್ತ, ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಮಲ್ಲೇಶನ ಹತ್ತಿರ ಬಂದ.

"ಮಲ್ಲೇಶಿ, ಶಾಂಭವಿ ಅತ್ತಿಗೆ ಯಾವಾಗಿಂದ ಗೇರ್ ಮಾಡೋಕೆ ಶುರು ಮಾಡಿದ್ರು?"

ಶೆಡ್ಡಿನೊಳಗೆ ಲೇತುಗಳು ಒಂದೊಂದಾಗಿ ನಿಂತವು. ಹಿರಿಯ ಫಿಟ್ಟರ್ ಭೂತಪ್ಪ ಅರದ ಕೆಲಸ ಬಿಟ್ಟು ತಲೆ ಎತ್ತಿದ. ಮಲ್ಲೇಶ ಸುತ್ತ ನೋಡಿ ದನಿ ತಗ್ಗಿಸಿದ.

"ಸಂಜೆ ಮನೆಗೆ ಬಾ ಮಾರಾಯ, ಕೂತು ಹೇಳ್ತೀನಿ. ಇಲ್ಲಿ ಬೇಡ."

"ಇಲ್ಲೇ ಹೇಳು. ಮುಚ್ಚಿಡೋ ಅಂಥದ್ದು ಏನಿದೆ?"

"ನಿಯಾಜ್, ಸಂಜೆ ಅಂದೆ."

"ನಾನು ಇಲ್ಲಿ ಎಣ್ಣೇಲಿ ಕೈ ಅದ್ದಿ ಕೊರೀತೀನಿ, ನೀನು ಅದಕ್ಕೆ ಹೆಂಡ್ತಿ ಹೆಸರು ಅಂಟಿಸಿ ಕಳಿಸ್ತೀಯ. ಇದಕ್ಕೆ ಏನಂತಾರೆ?"

ಅಷ್ಟು ಜನರ ಮುಂದೆ ಅನ್ನಿಸಿಕೊಂಡ ಸಿಟ್ಟು ಮಲ್ಲೇಶನ ಬಾಯಿಗೆ ಬಂತು. "ನಾನು ಊರೂರು ಅಲೆದು ಆರ್ಡರ್ ತರದಿದ್ರೆ ನೀನು ಏನು ಕೊರೀತಿದ್ದೆ? ಗೋಡೇನಾ?"

ನಿಯಾಜ್ ಕೈಲಿದ್ದ ಬಟ್ಟೆಯನ್ನು ಕೆಳಗೆ ಹಾಕಿ ಓಮ್ನಿ ಹತ್ತಿ ಹೋದ. ಆ ಸಂಜೆ ಮಲ್ಲೇಶನಿಂದ ಮೂರು ಸಲ ಫೋನ್ ಬಂತು. ಅವನು ಎತ್ತಲಿಲ್ಲ. ಮರುದಿನ ಅವನ ಹೆಂಡತಿ ಅನೀಸಾಳಿಗೆ ಬಂತು. ಅವಳು ಫೋನ್ ಹಿಡಿದುಕೊಂಡು ಬಂದು, "ಮಲ್ಲೇಶಣ್ಣ. ಒಂದು ಮಾತು ಕೇಳಿ" ಎಂದಾಗ ಅವನು ಎದ್ದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದ.

*

ವಕೀಲ ಯುವರಾಜನ ಆಫೀಸು ಶಿವಮೊಗ್ಗದಲ್ಲಿ ಜೆರಾಕ್ಸ್ ಅಂಗಡಿಯೊಂದರ ಮಹಡಿಯಲ್ಲಿತ್ತು. ನಲವತ್ತರ ಆಸುಪಾಸಿನ ಸಮಾಧಾನದ ಮನುಷ್ಯ. ಎಲ್ಲವನ್ನೂ ಕೇಳಿ ಮುಗಿಸಿ, ಪೆನ್ನಿನ ಮುಚ್ಚಳ ಹಾಕಿದ.

"ಪಾಲುದಾರರ ಜಗಳ. ಇದು ವಾಣಿಜ್ಯ ನ್ಯಾಯಾಲಯಕ್ಕೆ ಹೋಗುತ್ತೆ. ಅಲ್ಲಿ ಕಾನೂನು ಸ್ವಲ್ಪ ಬೇರೆ, ನಿಯಾಜ್ ಭಾಯ್. ದಾವೆ ಹಾಕೋಕೆ ಮುಂಚೆ ಮೀಡಿಯೇಷನ್‌ಗೆ ಅರ್ಜಿ ಕೊಡಲೇಬೇಕು. ಕಾನೂನು ಸೇವಾ ಪ್ರಾಧಿಕಾರದವರು ಒಬ್ಬ ಮಧ್ಯಸ್ಥರನ್ನ ಕೊಡ್ತಾರೆ. ಇಬ್ಬರೂ ಎದುರುಬದುರು ಕೂತು ಮಾತಾಡಬೇಕು. ಖರ್ಚು ಕಮ್ಮಿ. ಒಪ್ಪಂದ ಆದ್ರೆ ಅದನ್ನ ಕೋರ್ಟಿನ ಡಿಕ್ರಿ ಥರಾನೇ ಜಾರಿ ಮಾಡಿಸಬಹುದು."

"ಎಷ್ಟು ದಿನ?"

"ಮೂರ್ನಾಲ್ಕು ತಿಂಗಳು ಅಂದ್ಕೊಳ್ಳಿ."

"ನಾನು ಅವನ ಎದುರು ಕೂರಲ್ಲ."

"ಕೂತ್ರೆ ನಿಮಗೇ ಒಳ್ಳೇದು. ವ್ಯಾಪಾರದ ಕೇಸು ವರ್ಷಗಟ್ಲೆ ಎಳೀಬಾರದು, ಕೋರ್ಟಿನ ಖರ್ಚಲ್ಲೇ ಜನ ಮುಳುಗಬಾರದು ಅಂತಾನೇ ಇದನ್ನ ತಂದಿರೋದು."

"ಬೇರೆ ದಾರಿ ಇಲ್ವಾ?"

ಯುವರಾಜ ಕುರ್ಚಿಗೆ ಒರಗಿದ. "ಇದೆ. ತುರ್ತು ಪರಿಹಾರ ಬೇಕಾಗಿದ್ರೆ ನೇರವಾಗಿ ಕೋರ್ಟಿಗೆ ಹೋಗಬಹುದು. ಅಂದ್ರೆ, ಈಗಲೇ ತಡೆಯಾಜ್ಞೆ ಸಿಗದಿದ್ರೆ ಸರಿಮಾಡಲಾಗದ ನಷ್ಟ ಆಗುತ್ತೆ ಅನ್ನೋ ಸ್ಥಿತಿ. ಅವರು ಮಷೀನ್‌ಗಳನ್ನ ಬೇರೆ ಕಡೆ ಸಾಗಿಸೋ ಭಯ ಏನಾದ್ರೂ ಇದೆಯಾ?"

ನಿಯಾಜ್ ಕಿಟಕಿಯ ಆಚೆ ನೋಡಿದ. ಮಲ್ಲೇಶನಿಗೆ ಆ ಹಾಬಿಂಗ್ ಯಂತ್ರದ ಯಾವ ಬೋಲ್ಟು ಎಲ್ಲಿದೆ ಎಂದೂ ಗೊತ್ತಿರಲಿಲ್ಲ. ಅದನ್ನು ಅಡಿಪಾಯದಿಂದ ಎಬ್ಬಿಸಲು ಕ್ರೇನು ಬೇಕು, ಎಬ್ಬಿಸಿ ಕೂರಿಸಲು ನಿಯಾಜನೇ ಬೇಕು.

"ಇರಬಹುದು."

"ಇರಬಹುದು ಅಂದ್ರೆ ಸಾಲದು. ಇದೆಯಾ, ಇಲ್ವಾ?"

"ಇದೆ ಅಂತ ಬರೀರಿ."

"ನೋಡಿ, ಈಗೀಗ ಕೋರ್ಟ್‌ಗಳು ಇದನ್ನ ಕೆದಕಿ ನೋಡ್ತಿವೆ. ಮೀಡಿಯೇಷನ್ ತಪ್ಪಿಸೋಕೆ ಹೇಳಿದ ಮಾತು ಅಂತ ಕಂಡ್ರೆ ದಾವೆನೇ ಬಿದ್ದುಹೋಗುತ್ತೆ. ನಾನು ಮೊದಲೇ ಹೇಳಿದೀನಿ."

"ಬರೀರಿ ಸಾರ್."

ಎರಡು ದಿನ ಬಿಟ್ಟು ದಾವೆಯ ಪ್ರತಿ ಸಿದ್ಧವಾಯಿತು. ನಿಯಾಜ್ ಜೀವನದಲ್ಲಿ ಮೊದಲ ಸಲ ಸಹಿ ಹಾಕುವ ಮುಂಚೆ ಪೂರ್ತಿ ಓದಿದ. ಹನ್ನೊಂದನೆಯ ಪ್ಯಾರಾದಲ್ಲಿ ಹೀಗಿತ್ತು: 'ಪ್ರತಿವಾದಿಯು ಯಂತ್ರಗಳನ್ನು ರಾತ್ರೋರಾತ್ರಿ ಅಜ್ಞಾತ ಸ್ಥಳಕ್ಕೆ ಸಾಗಿಸುವ ಸಂಚು ನಡೆಸಿರುವುದು ವಾದಿಗೆ ವಿಶ್ವಾಸಾರ್ಹ ಮೂಲಗಳಿಂದ ತಿಳಿದುಬಂದಿರುತ್ತದೆ.' ಓದುತ್ತ ಹೋದಂತೆ ಅದು ನಿಜವೇ ಇರಬೇಕು ಎಂಬಷ್ಟು ಗಟ್ಟಿಯಾಗಿತ್ತು. ಸಹಿ ಹಾಕಿದ.

ಅನೀಸಾ ರಾತ್ರಿ ಊಟಕ್ಕೆ ಬಡಿಸುವಾಗ ಕೇಳಿದಳು, "ಮಲ್ಲೇಶಣ್ಣ ಮಷೀನ್ ತಗೊಂಡು ಹೋಗ್ತೀನಿ ಅಂದ್ರಾ?"

"ನಿನಗೆ ಇದೆಲ್ಲ ಗೊತ್ತಾಗಲ್ಲ."

"ಗೊತ್ತಾಗಲ್ಲ ಅಂತಾನೇ ಕೇಳಿದ್ದು. ಅಂದ್ರಾ?"

ಅವನು ತಟ್ಟೆಯಲ್ಲೇ ಕೈ ತೊಳೆದ.

*

ತಡೆಯಾಜ್ಞೆ ಸಿಕ್ಕಿತು. ಮಲ್ಲೇಶನೂ ವಕೀಲರನ್ನು ಇಟ್ಟ. ಅವರು ಬಂದು, ಯಂತ್ರಗಳನ್ನು ಸಾಗಿಸುವ ಪ್ರಶ್ನೆಯೇ ಇಲ್ಲ, ಆದರೆ ಲೆಕ್ಕ ಇತ್ಯರ್ಥವಾಗುವ ತನಕ ವಾದಿಯೂ ಅವುಗಳನ್ನು ಬಳಸಿ ಸ್ವಂತಕ್ಕೆ ದುಡಿಯಬಾರದು ಎಂದು ವಾದಿಸಿದರು. ಯಥಾಸ್ಥಿತಿ ಕಾಯ್ದುಕೊಳ್ಳಿ ಎಂಬ ಆದೇಶ ಇಬ್ಬರಿಗೂ ಅನ್ವಯವಾಯಿತು. ಕೋರ್ಟ್ ಕಮಿಷನರ್ ಬಂದು ಒಂದೊಂದು ಯಂತ್ರದ ಫೋಟೋ ತೆಗೆದುಕೊಂಡು ಹೋದ ಮೇಲೆ ಶೆಡ್ಡಿನ ಬಾಗಿಲಿಗೆ ಎರಡು ಬೀಗ ಬಿದ್ದವು. ಒಂದರ ಕೀಲಿ ಜನ್ನಾಪುರದಲ್ಲಿ, ಇನ್ನೊಂದರದು ಸವಳಂಗ ರಸ್ತೆಯಲ್ಲಿ.

ಬೀಗ ಬಿದ್ದ ದಿನ ಭೂತಪ್ಪ ಗೇಟಿನ ಹತ್ತಿರ ನಿಂತಿದ್ದ. ಇಬ್ಬರು ಯಜಮಾನರೂ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿ ಫೋನಿನಲ್ಲಿದ್ದರು. ಅವನು ನಿಯಾಜನ ಹತ್ತಿರ ಬಂದ.

"ಸೋಮವಾರ ಬರಬೇಕಾ, ನಿಯಾಜಣ್ಣ?"

"ಸ್ವಲ್ಪ ದಿನ ಭೂತಪ್ಪ. ಬೇಗ ಮುಗಿಯುತ್ತೆ. ಇದು ಬೇಗ ಮುಗಿಯೋ ಕೋರ್ಟಂತೆ."

ಬೇಗ ಮುಗಿಯುವ ಕೋರ್ಟು ನಿಜವೇ. ಅಲ್ಲಿ ಜವಾಬು ಹಾಕಲು ಗಡುವಿತ್ತು, ವಾಯಿದೆ ಕೇಳಿದವರು ಖರ್ಚು ಕಟ್ಟಬೇಕಿತ್ತು. ಮಲ್ಲೇಶನ ಕಡೆಯವರು ತಡಮಾಡಿ ದಂಡದ ಖರ್ಚು ಕಟ್ಟಿದ ದಿನ ನಿಯಾಜ್ ಖುಷಿಯಿಂದ ಬೇಕರಿಯಲ್ಲಿ ಅರ್ಧ ಕೇಜಿ ಮೈಸೂರುಪಾಕ್ ಕಟ್ಟಿಸಿದ. ಅದರ ಮುಂದಿನ ತಿಂಗಳು ಅವನ ಕಡೆಯ ಲೆಕ್ಕಪರಿಶೋಧಕ ಬರದೆ, ಅವನೇ ಕಟ್ಟಬೇಕಾಯಿತು. ಎಷ್ಟೇ ಬೇಗ ಮುಗಿಯಬೇಕೆಂದರೂ ಒಂದು ಫರ್ಮಿನ ಇಪ್ಪತ್ತೆರಡು ವರ್ಷಗಳ ಲೆಕ್ಕವನ್ನು ಬಿಚ್ಚುವುದು ಯಾರಿಗೂ ಸುಲಭವಲ್ಲ. ವಕೀಲರ ಫೀಸು, ಕಮಿಷನರ್ ಫೀಸು, ಲೆಕ್ಕದವನ ಫೀಸು. ಮಲ್ಲೇಶನಿಗೂ ಇಷ್ಟೇ ಹೋಗುತ್ತಿರಬೇಕು ಎಂದುಕೊಂಡಾಗ ಮೊದಮೊದಲು ಸಮಾಧಾನವಾಗುತ್ತಿತ್ತು. ಆಮೇಲಾಮೇಲೆ ಅದೂ ಆಗಲಿಲ್ಲ.

ಓಮ್ನಿ ಮಾರಿದ. ಭದ್ರಾವತಿಯಲ್ಲಿ ಹುಡುಗನೊಬ್ಬ ಹೊಸದಾಗಿ ಇಟ್ಟಿದ್ದ ವರ್ಕ್‌ಶಾಪಿನಲ್ಲಿ ದಿನಗೂಲಿಗೆ ಲೇತ್ ಓಡಿಸಲು ಸೇರಿದ. ಪ್ರಣವ ಎಂಬ ಆ ಹುಡುಗ ಮರ್ಯಾದೆಯವನು, 'ಸಾರ್' ಎಂದೇ ಕರೆಯುತ್ತಿದ್ದ. ಆದರೂ ಸಂಜೆ ಅವನು ಕೂಲಿಯನ್ನು ಫೋನ್‌ಪೇ ಮಾಡಿ 'ಬಂತಾ ಸಾರ್?' ಎಂದು ಕೇಳುವಾಗ ನಿಯಾಜ್ ಫೋನ್ ನೋಡದೆಯೇ 'ಬಂತು' ಎನ್ನುತ್ತಿದ್ದ.

ಶೆಡ್ಡಿನ ಕರೆಂಟ್ ಬಿಲ್ಲನ್ನು ಯಾರೂ ಕಟ್ಟಲಿಲ್ಲ. ತಾನು ಕಟ್ಟಿದರೆ ಶೆಡ್ ತನ್ನದೆಂದು ಹಕ್ಕು ಸಾಧಿಸಿದಂತೆಯೋ, ಬಾಕಿಯ ಜವಾಬ್ದಾರಿ ತನ್ನದೆಂದು ಒಪ್ಪಿಕೊಂಡಂತೆಯೋ ಎಂದು ಇಬ್ಬರೂ ತಮ್ಮ ತಮ್ಮ ವಕೀಲರನ್ನು ಕೇಳಿದ್ದರು. ಲೈನ್ ಕಿತ್ತರು. ವಿಮೆಯ ಕಂತು ಕೂಡ ಹಾಗೆಯೇ ತಪ್ಪಿತು.

ಒಂದು ಭಾನುವಾರ ಅವನು ಬಸ್ಸಿಳಿದು ಶೆಡ್ಡಿನ ಹಿಂದಕ್ಕೆ ಹೋಗಿ ಕಿಟಕಿಯಿಂದ ಇಣುಕಿದ. ಗಾಜಿನ ಮೇಲೆ ಧೂಳು ದಪ್ಪಗೆ ಕೂತು ಒಳಗೆ ಏನೂ ಕಾಣಲಿಲ್ಲ. ಪಕ್ಕದ ಶೆಡ್ಡಿನ ಕಾವಲುಗಾರ ಬಂದು ಯಾರು ನೀವು ಎಂದು ಕೇಳಿದ. "ಯಾರೂ ಅಲ್ಲ, ಹಿಂಗೇ" ಎಂದು ಹಿಂತಿರುಗಿದ.

*

ಎರಡನೆಯ ವರ್ಷದ ನಡುವೆ ಮಲ್ಲೇಶನ ವಕೀಲರು ಒಂದು ಅರ್ಜಿ ಹಾಕಿದರು. ತುರ್ತು ಎಂಬುದೇ ಸುಳ್ಳು, ಕಡ್ಡಾಯವಾದ ಮಧ್ಯಸ್ಥಿಕೆಯನ್ನು ತಪ್ಪಿಸಲು ಹೂಡಿದ ನೆಪ, ಆದ್ದರಿಂದ ದಾವೆಯನ್ನೇ ತಿರಸ್ಕರಿಸಬೇಕು ಎಂದು. ವಿಚಾರಣೆಯ ದಿನ ನ್ಯಾಯಾಧೀಶರು ಯುವರಾಜನನ್ನು ಒಂದೇ ಪ್ರಶ್ನೆ ಕೇಳಿದರು.

"ವಿಶ್ವಾಸಾರ್ಹ ಮೂಲಗಳು ಅಂತ ಬರೆದಿದ್ದೀರಿ. ಯಾರು? ಯಾವತ್ತು ಹೇಳಿದ್ದು? ದಾವೇಲಿ ಎಲ್ಲಾದರೂ ಇದೆಯೇ?"

ಯುವರಾಜ ಫೈಲು ತಿರುವಿದ. ಹಿಂದಿನ ಬೆಂಚಿನಲ್ಲಿ ಕೂತಿದ್ದ ನಿಯಾಜ್ ತನ್ನ ಚಪ್ಪಲಿಯ ಪಟ್ಟಿಯನ್ನು ನೋಡುತ್ತಿದ್ದ. ಆಚೆಯ ಬೆಂಚಿನಲ್ಲಿದ್ದ ಮಲ್ಲೇಶ ತನ್ನ ಕಡೆಗೆ ತಿರುಗಿದ್ದಾನೆ ಎಂಬುದು ತಲೆ ಎತ್ತದೆಯೂ ಅವನಿಗೆ ತಿಳಿಯಿತು.

ಆದೇಶ ಬಂತು. ದಾವೆ ತಿರಸ್ಕೃತ, ತಡೆಯಾಜ್ಞೆ ರದ್ದು. ಪ್ರತಿವಾದಿಯ ಖರ್ಚನ್ನು ವಾದಿ ಕೊಡತಕ್ಕದ್ದು.

ಹೊರಗೆ ಕಾರಿಡಾರಿನಲ್ಲಿ ಯುವರಾಜ ಕೋಟು ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡ.

"ಹೈಕೋರ್ಟಿಗೆ ಹೋಗಬಹುದು. ಹೋಗಿ ಅಂತ ನಾನು ಹೇಳಲ್ಲ. ನಿಮ್ಮ ಹಕ್ಕು ಎಲ್ಲೂ ಹೋಗಿಲ್ಲ, ಹೊಸದಾಗಿ ದಾವೆ ಹಾಕಬಹುದು."

"ಹೊಸದಾಗಿ ಹಾಕೋಕೆ ಏನು ಮಾಡಬೇಕು?"

ಯುವರಾಜ ಫೈಲನ್ನು ಬಗಲಿಗೆ ಸಿಕ್ಕಿಸಿಕೊಂಡ.

"ಮೊದಲು ಮೀಡಿಯೇಷನ್‌ಗೆ ಅರ್ಜಿ ಕೊಡಬೇಕು" ಎಂದ.

ನಿಯಾಜ್ ಬಸ್‌ಸ್ಟ್ಯಾಂಡಿನ ತನಕ ನಡೆದೇ ಹೋದ. ಭದ್ರಾವತಿಯ ಬಸ್ಸುಗಳು ಒಂದರ ಹಿಂದೆ ಒಂದು ಹೊರಟವು. ಮೂರು ಬಸ್ಸು ಬಿಟ್ಟು ನಾಲ್ಕನೆಯದನ್ನು ಹತ್ತಿದ. ಮನೆಯಲ್ಲಿ ಅನೀಸಾ ಆದೇಶದ ಸುದ್ದಿ ಕೇಳಿ ಏನೂ ಅನ್ನಲಿಲ್ಲ. ಅವಳು ಅಂದಿದ್ದರೆ ಜಗಳವಾಡಬಹುದಿತ್ತು. ಆ ಅನುಕೂಲವನ್ನೂ ಅವಳು ಕೊಡಲಿಲ್ಲ.

*

ನಿಯಾಜ್ ಮೀಡಿಯೇಷನ್‌ಗೆ ಅರ್ಜಿ ಕೊಟ್ಟ. ಅದರ ನೋಟಿಸಿಗೆ ಮಲ್ಲೇಶ ಬರಲಿಕ್ಕಿಲ್ಲ ಎಂದುಕೊಂಡಿದ್ದ. ಬಂದ. ತೂಕ ಇಳಿದು ಅಂಗಿ ದೊಗಳೆಯಾಗಿತ್ತು, ಮಂಡಿ ನೋವಿಗೆ ಪಟ್ಟಿ ಕಟ್ಟಿದ್ದ. ಮಧ್ಯಸ್ಥರಾಗಿದ್ದವರು ಬಸವರಾಜೇಶ್ವರಿ ಎಂಬ ಹಿರಿಯ ವಕೀಲೆ. ಸಣ್ಣ ಕೋಣೆ, ದುಂಡು ಮೇಜು. ಇಬ್ಬರಿಗೂ ನೀರು ಕೊಟ್ಟು ಮಾತು ಶುರು ಮಾಡಿದರು.

"ಇಲ್ಲಿ ಆಡಿದ ಮಾತು ಈ ಬಾಗಿಲು ದಾಟಲ್ಲ. ನಾಳೆ ಒಪ್ಪಂದ ಆಗದೆ ನೀವು ಮತ್ತೆ ಕೋರ್ಟಿಗೆ ಹೋದ್ರೂ ಇಲ್ಲಿನ ಮಾತನ್ನ ಅಲ್ಲಿ ಎತ್ತೋ ಹಾಗಿಲ್ಲ. ನಾನು ತೀರ್ಪು ಕೊಡೋಳಲ್ಲ. ಮಾತಾಡೋಕೆ ಜಾಗ ಮಾಡಿಕೊಡೋದಷ್ಟೇ ನನ್ನ ಕೆಲಸ. ಮಲ್ಲೇಶ್ ಅವರೇ, ಆ ಹೊಸ ಫರ್ಮಿನ ವಿಷಯ ನೀವೇ ಹೇಳ್ತೀರಾ?"

ಮಲ್ಲೇಶ ನೀರಿನ ಲೋಟವನ್ನು ಮೇಜಿನ ಮೇಲೆ ಅತ್ತಿತ್ತ ಸರಿಸಿದ. "ಹೆಂಗಸರ ಹೆಸರಲ್ಲಿ ಫರ್ಮ್ ಮಾಡಿದ್ರೆ ಕಮ್ಮಿ ಬಡ್ಡಿಗೆ ಸಾಲ ಸಿಗ್ತಿತ್ತು, ಮೇಡಂ. ಕಂಪ್ಯೂಟರಲ್ಲಿ ಓಡೋ ಹೊಸ ಹಾಬಿಂಗ್ ಮಷೀನ್ ತರೋಣ ಅಂತ. ಸಾಲಕ್ಕೆ ಮುಂಚೆ ಆರು ತಿಂಗಳ ವ್ಯವಹಾರ ತೋರಿಸಿ ಅಂದ್ರು ಬ್ಯಾಂಕಲ್ಲಿ. ಅದಕ್ಕೆ ನಾಲ್ಕಾರು ಆರ್ಡರ್ ಅದರಲ್ಲಿ ಹಾಕಿದೆ. ಸಾಲ ಪಾಸಾದ ಮೇಲೆ ಇವನಿಗೆ ಹೇಳೋಣ ಅಂತಿದ್ದೆ."

"ಮುಂಚೆನೇ ಯಾಕೆ ಹೇಳಲಿಲ್ಲ?"

"ಇವನು ಹಳೇ ಮಷೀನ್ ಬಿಟ್ಟು ಕೊಡ್ತಿರಲಿಲ್ಲ. ಅದರ ಬಗ್ಗೆ ಮಾತೆತ್ತಿದ್ರೇ ಮುಖ ಸಿಂಡರಿಸ್ತಿದ್ದ. ಸಾಲ ಆಗಲಿ, ಆಮೇಲೆ ಒಪ್ಪಿಸ್ತೀನಿ ಅಂದ್ಕೊಂಡೆ." ಲೋಟ ದೂರ ಸರಿಸಿ ಸೇರಿಸಿದ, "ನಂದೂ ತಪ್ಪೇ."

ಇದು ನಿಜವೋ, ಎರಡು ವರ್ಷದಲ್ಲಿ ಮಲ್ಲೇಶ ಕಟ್ಟಿಕೊಂಡ ಕತೆಯೋ ನಿಯಾಜ್‌ಗೆ ತಿಳಿಯಲಿಲ್ಲ. ನಿಜವಾಗಿದ್ದರೆ ಒಂದು ಸಂಜೆಯ ಮಾತಿನಲ್ಲಿ ಮುಗಿಯುತ್ತಿತ್ತು. ಅದು ನಿಜವಾಗಿರದಿರಲಿ ಎಂದು ಅವನ ಮನಸ್ಸು ಬೇಡಿಕೊಂಡಿತು.

"ಈಗ ಆ ಫರ್ಮ್ ನಡೀತಿದೆಯಾ?" ಬಸವರಾಜೇಶ್ವರಿ ಕೇಳಿದರು.

"ಏನು ನಡೆಯುತ್ತೆ ಮೇಡಂ? ರಾಜಕೋಟಿಂದ ಗೇರ್ ತರಿಸಿ ಮಾರಿದೆ. ಗಿರಣಿಯವರು ಎರಡು ಸಲ ತಗೊಂಡ್ರು, ಮೂರನೇ ಸಲ ಅವರೇ ನೇರ ತರಿಸಿಕೊಂಡ್ರು. ಮುಚ್ಚಿದೆ."

ಮೂರನೆಯ ಬೈಠಕ್ಕಿನ ಹೊತ್ತಿಗೆ ಲೆಕ್ಕದ ಮಾತು ಒಂದು ದಡಕ್ಕೆ ಬಂತು. ಹಾಬಿಂಗ್ ಯಂತ್ರ ನಿಯಾಜ್‌ಗೆ, ಎರಡು ಲೇತು ಮತ್ತು ಡ್ರಿಲ್ಲಿಂಗ್ ಯಂತ್ರ ಮಲ್ಲೇಶನಿಗೆ, ಶೆಡ್ಡಿನ ಜಾಗ ಮಾರಿ ಎಂ.ಎನ್. ಗೇರ್ಸಿನ ಬ್ಯಾಂಕ್ ಸಾಲ ತೀರಿಸಿ ಮಿಕ್ಕದ್ದನ್ನು ಹಂಚಿಕೊಳ್ಳುವುದು, ಕೋರ್ಟು ಹೇಳಿದ ಖರ್ಚನ್ನು ಮಲ್ಲೇಶ ಬಿಟ್ಟುಕೊಡುವುದು. ಸಹಿಗೆ ಮುಂಚೆ ಯಂತ್ರಗಳನ್ನು ಒಮ್ಮೆ ನೋಡಿ ಬನ್ನಿ ಎಂದು ಬಸವರಾಜೇಶ್ವರಿ ಕಳಿಸಿದರು.

ಮಾಚೇನಹಳ್ಳಿಯ ಶೆಡ್ಡಿನ ಮುಂದೆ ಮುಳ್ಳುಗಿಡ ಸೊಂಟದೆತ್ತರ ಬೆಳೆದಿತ್ತು. ಮಲ್ಲೇಶನ ಬೀಗ ತೆರೆಯಿತು, ನಿಯಾಜನದು ಕಚ್ಚಿಕೊಂಡಿತ್ತು. ಪಕ್ಕದ ಶೆಡ್ಡಿನಿಂದ ಹ್ಯಾಕ್ಸಾ ತಂದು ಕೊಯ್ದರು. ಒಳಗೆ ಕಾಲಿಟ್ಟೊಡನೆ ಇಲಿ ಹಿಕ್ಕೆಯ ನಾತ. ತಗಡು ಎದ್ದುಹೋದ ಜಾಗದಲ್ಲಿ ಬಿಸಿಲು ಕೋಲಿನಂತೆ ಇಳಿದಿತ್ತು. ಯಾರೋ ಹಿಂದಿನಿಂದ ನುಗ್ಗಿ ತಾಮ್ರದ ಕೇಬಲ್ಲುಗಳನ್ನೆಲ್ಲ ಎಳೆದುಕೊಂಡು ಹೋಗಿದ್ದರು. ಮೋಟಾರುಗಳ ಹೊಟ್ಟೆ ಬಗೆದು ಬಿಸಾಡಿದ್ದರು.

ಹಾಬಿಂಗ್ ಯಂತ್ರದ ನೇರ ಮೇಲೆಯೇ ಚಾವಣಿಯ ತಗಡು ಹಾರಿಹೋಗಿತ್ತು. ಎರಡು ಮಳೆಗಾಲದ ನೀರು ಅದರ ಮೇಲೆ ಬಿದ್ದು, ಕಬ್ಬಿಣದ ಹಾಸಿನ ಮೇಲೆ ತುಕ್ಕು ಪದರಪದರವಾಗಿ ಎದ್ದಿತ್ತು. ನಿಯಾಜ್ ಅಂಗಿಯ ತೋಳು ಮಡಚಿದ.

"ಡೀಸೆಲ್ ಇದೆಯಾ ನೋಡು, ಆ ಮೂಲೇಲಿ" ಎಂದ, ಯಾರಿಗೆ ಹೇಳುತ್ತಿದ್ದೇನೆ ಎಂಬ ನೆನಪಿಲ್ಲದೆ.

ಮಲ್ಲೇಶ ಕುಂಟುತ್ತ ಹೋಗಿ ಕ್ಯಾನು ತಂದ. ತಳದಲ್ಲಿ ಸ್ವಲ್ಪ ಉಳಿದಿತ್ತು. ನಿಯಾಜ್ ಸುರಿದ, ಕೈಚಕ್ರ ಹಿಡಿದ. ಮಲ್ಲೇಶ ಆಚೆ ಬದಿಗೆ ಹಿಡಿದ.

"ನನ್ನ ಕಡೆಗೆ. ಜೋರಾಗಿ ಬೇಡ, ಮುರೀತದೆ."

"ಗೊತ್ತು ಮಾರಾಯ."

ಇಬ್ಬರ ಕತ್ತಿನ ನರಗಳೂ ಉಬ್ಬಿದವು. ಚಕ್ರ ಕೂದಲಿನಷ್ಟೂ ಅಲುಗಲಿಲ್ಲ. ಮತ್ತೆ ಹಿಡಿದರು. ಮೂರನೆಯ ಸಲ ಮಲ್ಲೇಶ ಕೈಬಿಟ್ಟು ಮಂಡಿ ಹಿಡಿದುಕೊಂಡು ಒಂದು ಇಟ್ಟಿಗೆ ಗುಡ್ಡೆಯ ಮೇಲೆ ಕೂತ. ನಿಯಾಜ್ ಒಬ್ಬನೇ ಇನ್ನೂ ಒಂದು ಸಲ ನೋಡಿದ. ಆಮೇಲೆ ಮುಚ್ಚಳ ಬಿಚ್ಚಿ ಒಳಗೆ ಬೆಳಕು ಬಿಟ್ಟ. ಒಳಗಿನ ಎಣ್ಣೆ ನೀರು ಬೆರೆತು ಹಾಲಿನಂತಾಗಿ, ಆಮೇಲೆ ಕೆಸರಾಗಿ, ಆಮೇಲೆ ಒಣಗಿತ್ತು. ಬೇರಿಂಗುಗಳ ಜಾಗದಲ್ಲಿ ಕೆಂಪು ಪುಡಿಯಿತ್ತು.

ಮುಚ್ಚಳ ಹಾಕಿದ.

"ರಿಪೇರಿ ಆಗುತ್ತಾ?" ಮಲ್ಲೇಶ ಕೇಳಿದ.

"ಇಲ್ಲ."

"ಇಷ್ಟು ದಿನ ಒಂದು ಸಲ ಎಣ್ಣೆ ಹಾಕಿ ಬಂದಿದ್ರೆ..."

"ನಿನ್ನ ಬೀಗ ಇತ್ತಲ್ಲ."

"ನಿಂದೂ ಇತ್ತಲ್ಲ."

ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿರುತ್ತಿತ್ತು ಎಂದು ನಿಯಾಜ್‌ಗೆ ಅನ್ನಿಸಿತು.

*

ಗುಜರಿಯ ಮಲ್ಲಿಕ್ ಲಾರಿ ತಂದು ಎಲ್ಲವನ್ನೂ ತೂಕಕ್ಕೆ ಕೊಂಡ. ಹಾಬಿಂಗ್ ಯಂತ್ರ ಇಡಿಯಾಗಿ ಬಾಗಿಲು ದಾಟದ ಕಾರಣ ಅದನ್ನು ಗ್ಯಾಸ್ ಕಟ್ಟರಿನಲ್ಲಿ ಕೊಯ್ದರು. ಆ ದಿನ ಬರುವುದಾಗಿ ಹೇಳಿದ್ದ ನಿಯಾಜ್ ಬರಲಿಲ್ಲ. ಭೂತಪ್ಪ ಮಾತ್ರ ಬಂದಿದ್ದನಂತೆ. ಅವನು ಈಗ ಶಿವಮೊಗ್ಗದ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್. ರಜೆ ಹಾಕಿ ಬಂದು, ತನ್ನ ಅರಗಳ ಡಬ್ಬಿ ಸಿಕ್ಕರೆ ಕೊಡಿ ಎಂದು ಕೇಳಿದನಂತೆ. ಸಿಗಲಿಲ್ಲವಂತೆ. ಇದನ್ನೆಲ್ಲ ಮಲ್ಲಿಕ್ ದುಡ್ಡು ಕೊಡಲು ಬಂದಾಗ ಹೇಳಿದ.

ಒಪ್ಪಂದವನ್ನು ಅದಕ್ಕೆ ತಕ್ಕಂತೆ ತಿದ್ದಿ ಬರೆದರು. ಹಂಚಿಕೊಳ್ಳುವ ಯಂತ್ರಗಳೇ ಇಲ್ಲದ್ದರಿಂದ ಅದು ಮೊದಲಿಗಿಂತ ಚಿಕ್ಕದಾಯಿತು, ಎರಡೇ ಪುಟ. ಸಹಿಯ ದಿನ ಬಸವರಾಜೇಶ್ವರಿ ಓದಿ ಹೇಳಿ, ಇಬ್ಬರ ಮುಖ ನೋಡಿ ಕೇಳಿದರು, "ಇದರಲ್ಲಿ ಸೇರಿಸೋದು, ಬಿಡೋದು ಏನಾದ್ರೂ ಇದೆಯಾ?"

"ಸೇರಿಸೋದೇನಿಲ್ಲ ಮೇಡಂ" ಎಂದ ಮಲ್ಲೇಶ. "ಇವನನ್ನ ಒಂದು ಮಾತು ಕೇಳಬೇಕಿತ್ತು. ಇಲ್ಲಿ ಕೇಳಬಹುದಲ್ಲ?"

"ಕೇಳಿ."

ಮಲ್ಲೇಶ ನಿಯಾಜ್ ಕಡೆ ತಿರುಗಿದ. "ನಾನು ಮಷೀನ್ ಸಾಗಿಸ್ತೀನಿ ಅಂತ ಯಾರು ಹೇಳಿದ್ರು ನಿಂಗೆ?"

ಹೊರಗೆ ಯಾರದೋ ಕೇಸಿಗೆ ಹೆಸರು ಕೂಗುತ್ತಿದ್ದರು.

"ಫರ್ಮಿನ ವಿಷಯಕ್ಕೆ ನೀನು ಬೈದ್ರೆ ಬೈಸಿಕೊಳ್ತಿದ್ದೆ. ಬೈಯೋಕೆ ಕಾರಣ ಇತ್ತು. ಆದ್ರೆ ಆ ನೋಟಿಸು ಮನೆಗೆ ಬಂದ ದಿನ ನನ್ನ ಮಗಳು ಓದಿ ಹೇಳಿದ್ಲು. ರಾತ್ರೋರಾತ್ರಿ ಸಂಚು ಅಂತ. ಅಪ್ಪ, ಹೌದಾ ಅಂತ ಕೇಳಿದ್ಲು ನನ್ನ. ಯಾರು ಹೇಳಿದ್ದು ಅದನ್ನ?"

"ವಕೀಲ್ರು ಬರೆದ್ರು" ಎಂದ ನಿಯಾಜ್. ತನ್ನ ದನಿ ತನಗೇ ಬೇರೆಯವರದ್ದೆನಿಸಿತು.

"ಅವರಿಗೆ ಹೇಳಿದ್ದು ಯಾರು?"

ನಿಯಾಜ್ ಮೇಜಿನ ಮೇಲಿದ್ದ ತನ್ನ ಕೈಗಳನ್ನು ನೋಡಿದ. ಇಲ್ಲಿ ಆಡಿದ ಮಾತು ಈ ಬಾಗಿಲು ದಾಟುವುದಿಲ್ಲ. ಒಂದೇ ಮಾತು, ಯಾರೂ ಹೇಳಿರಲಿಲ್ಲ ಎಂಬುದು. ಅದು ಗಂಟಲಿನ ತನಕ ಬಂತು. ಅದನ್ನು ಆಡಿದರೆ ಈ ಎರಡು ವರ್ಷಕ್ಕೂ, ಗುಜರಿ ಲಾರಿಗೂ, ಭೂತಪ್ಪನ ಅರಗಳ ಡಬ್ಬಿಗೂ ತಾನೊಬ್ಬನೇ ಲೆಕ್ಕ ಕೊಡಬೇಕಾಗುತ್ತದೆ ಎನ್ನಿಸಿ ಅಲ್ಲೇ ನಿಂತಿತು.

"ಎಲ್ಲಿ ಸಹಿ ಹಾಕಬೇಕು ಮೇಡಂ?" ಎಂದು ಕೇಳಿದ.

ಬಸವರಾಜೇಶ್ವರಿ ಒಂದು ಗಳಿಗೆ ಅವನನ್ನೇ ನೋಡಿ, ಬೆರಳಿನಿಂದ ಜಾಗ ತೋರಿಸಿದರು. ಅವನು ಹಾಕಿದ. ಮಲ್ಲೇಶನೂ ಹಾಕಿದ. ಪೆನ್ನು ವಾಪಸು ಕೊಡುವಾಗ ಮಲ್ಲೇಶ, "ಭಾಬಿಗೆ ನಮಸ್ಕಾರ ಹೇಳು" ಎಂದ. ಅಷ್ಟೇ ಹೇಳಿ ಎದ್ದ.

ಕೆಳಗಿಳಿಯಲು ಒಂದೇ ಮೆಟ್ಟಿಲಸಾಲು ಇತ್ತು. ಮಲ್ಲೇಶ ಪಕ್ಕದ ಕಂಬಿ ಹಿಡಿದು, ಒಂದು ಮೆಟ್ಟಿಲಿಗೆ ಎರಡೂ ಕಾಲಿಟ್ಟು, ನಿಧಾನಕ್ಕೆ ಇಳಿಯುತ್ತಿದ್ದ. ಅವನ ಹಿಂದೆ ನಿಯಾಜ್ ನಿಂತ. ದಾಟಿಕೊಂಡು ಮುಂದೆ ಹೋಗಲು ಜಾಗವಿತ್ತು, ಕೈ ಕೊಡಲೂ ಜಾಗವಿತ್ತು. ಎರಡನ್ನೂ ಮಾಡಲಾಗದೆ, ಮಲ್ಲೇಶ ಕೊನೆಯ ಮೆಟ್ಟಿಲು ಇಳಿದು ಅಂಗಳದ ಬಿಸಿಲಿನಲ್ಲಿ ಮರೆಯಾಗುವ ತನಕ ಅವನು ಮೇಲೆಯೇ ಗೋಡೆಗೆ ಒತ್ತಿಕೊಂಡು ನಿಂತಿದ್ದ. ಹಿಂದಿನಿಂದ ಬಂದ ಕಕ್ಷಿದಾರರು, "ಸ್ವಲ್ಪ ದಾರಿ ಬಿಡಿ" ಎಂದು ಅವನನ್ನು ಸರಿಸಿಕೊಂಡು ಇಳಿದು ಹೋದರು.